ಈಗ ಎಂತ ಮಾಡ್ತೀ?

1999ರ ಮಳೆಗಾಲ. ಕರಾವಳಿಯ ಇಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ ಕರೆಂಟು ಹೋಗಿತ್ತು. ಆರು ಜನ ಒಂದು ಮಂಚದ ಸುತ್ತ ಕೂತಿದ್ದೆವು. ನಡುವೆ ಮೇಣದಬತ್ತಿ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ನಿಯಮ ಪುಸ್ತಕದ ಝೆರಾಕ್ಸ್ ಕಟ್ಟು, ಒಂದು ಸ್ಟೀಲ್ ಚೊಂಬು. ಆ ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕು. ಮಂಗಳೂರಿನಲ್ಲಿ ನಾವು ಹುಡುಕಿದ ಯಾವ ಅಂಗಡಿಯಲ್ಲೂ ಅದು ಸಿಕ್ಕಿರಲಿಲ್ಲ. ತಂಬೋಲ ಸೆಟ್ಟಿನಿಂದ 1ರಿಂದ 20ರವರೆಗಿನ ಬಿಲ್ಲೆಗಳನ್ನು ಆರಿಸಿ ಚೊಂಬಿಗೆ ಹಾಕಿಟ್ಟಿದ್ದೆವು. ಆಟ ನಡೆಸುತ್ತಿದ್ದ ಸೀನಿಯರ್ ನನ್ನ ಕಡೆ ತಿರುಗಿ ಹೇಳಿದ: “ಬಾಗಿಲ ಆಚೆ ಏನೋ ಉಸಿರಾಡುವ ಸದ್ದು. ದೊಡ್ಡದು. ಈಗ ಎಂತ ಮಾಡ್ತೀ?”

ಅಲ್ಲಿಯವರೆಗೆ ನಾನು ಆಡಿದ ಆಟಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಚೌಕಾಬಾರದಲ್ಲಿ ಕವಡೆ ಬಿದ್ದಷ್ಟು ಮನೆ ನಡೆಯಬೇಕು. ಕೇರಂನಲ್ಲಿ ಕಾಯಿ ಹೊಡೆಯಬೇಕು. ಇಲ್ಲಿ ಎದುರಿಗಿದ್ದವನು ಬಾಯಿ ಮುಚ್ಚಿ ಕಾಯುತ್ತಿದ್ದ. ನಾನು ಹೇಳಿದೆ: “ಬಾಗಿಲ ಸಂದಿಯಿಂದ ಒಂದು ಒಣಮೀನು ತೂರಿಸ್ತೇನೆ.” ಝೆರಾಕ್ಸ್ ಕಟ್ಟಿನಲ್ಲಿ ಒಣಮೀನಿಗೆ ನಿಯಮವಿರಲಿಲ್ಲ. ಅವನು ಕ್ಷಣ ಯೋಚಿಸಿ, “ಚೊಂಬಿಗೆ ಕೈ ಹಾಕು. ಹನ್ನೆರಡರ ಮೇಲೆ ಬಂದರೆ ತಿಂತದೆ” ಎಂದ. ಹದಿನೇಳು ಬಂತು. ಬಾಗಿಲ ಆಚೆಯ ಆ ಪ್ರಾಣಿ ಮುಂದೆ ಎರಡು ವರ್ಷ ನಮ್ಮ ಜೊತೆಗೇ ತಿರುಗಿತು.

ನನ್ನೂರು ಕುಮಟೆಯ ಕಡೆ. ಅಜ್ಜನಿಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ರಂಗವಿಲ್ಲ, ಪಂಚೆ ಉಟ್ಟು ಕೂತಲ್ಲೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಕೃಷ್ಣನಾಗುತ್ತಾನೆ. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಿನ ಮಾತು ಅರ್ಥಧಾರಿಯದು, ಬರೆದು ತಂದದ್ದಲ್ಲ. ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ಆ ಹೊತ್ತಿನಲ್ಲೇ ಉತ್ತರ ಹುಟ್ಟಬೇಕು. ಅಮೆರಿಕದ ಆಟ ನನಗೆ ಪರಕೀಯ ಅನ್ನಿಸದ್ದಕ್ಕೆ ಅದೇ ಕಾರಣ. ನಿಲ್ಲಿಸಿ, ಬಿಟ್ಟುಕೊಟ್ಟು, ಕಾಯುವ ಆ ರೀತಿ ನನಗೆ ಬಾಲ್ಯದಿಂದ ಗೊತ್ತಿತ್ತು.

ಆಮೇಲೆ ಇಪ್ಪತ್ತು ವರ್ಷ ಮೇಜಿನ ಆಟವನ್ನೂ ಆಡಿದ್ದೇನೆ, ಇಂಟರ್ನೆಟ್ಟಿನ ಆಟಗಳನ್ನೂ ಆಡಿದ್ದೇನೆ. ಮಂತ್ರವಾದಿ, ನೆಲಮಾಳಿಗೆ, ಕತ್ತಿ, ಲೆವೆಲ್ಲು ಎರಡರಲ್ಲೂ ಒಂದೇ. ಆದರೂ ಪರದೆಯ ಮುಂದೆ ಕೂತಾಗಲೆಲ್ಲ ಏನೋ ಕಳೆದುಹೋಗಿದೆ ಅನ್ನಿಸುತ್ತಿತ್ತು. ಅದೇನೆಂದು ತಿಳಿಯಲು ಈ ಆಟಗಳ ಹಿಂದಿನದನ್ನು ಓದುತ್ತ ಹೋದೆ. ಸಿಕ್ಕಿದ್ದು ಒಂದೇ ಒಂದು ಪ್ರಶ್ನೆಯ ಚರಿತ್ರೆ.

ಆ ಪ್ರಶ್ನೆ ಹುಟ್ಟಿದ್ದು ಸೈನ್ಯದಲ್ಲಿ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್, ತನ್ನ ತಂದೆ ಶುರುಮಾಡಿದ್ದ ಯುದ್ಧದಾಟವನ್ನು ತಿದ್ದಿ ನಿಯಮ ಬರೆದ. ಹೆಸರು ‘ಕ್ರೀಗ್ಸ್‌ಶ್ಪೀಲ್’. ನಕಾಶೆ, ಅದರ ಮೇಲೆ ಸೈನ್ಯದ ಕಾಯಿಗಳು, ನಡುವೆ ಒಬ್ಬ ತೀರ್ಪುಗಾರ. ಎರಡೂ ಪಕ್ಷದವರು ತಮ್ಮ ಆಜ್ಞೆಯನ್ನು ಅವನಿಗೆ ತಿಳಿಸಬೇಕು. ಇಡೀ ಯುದ್ಧಭೂಮಿ ಕಾಣುವುದು ಅವನೊಬ್ಬನಿಗೆ. ನಷ್ಟ ಎಷ್ಟು, ಯಾರು ಹಿಂದೆ ಸರಿದರು ಎಂಬುದನ್ನು ಅವನು ದಾಳ ಹಾಕಿ ಕೋಷ್ಟಕ ನೋಡಿ ಹೇಳುತ್ತಿದ್ದ. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ ಕೋಷ್ಟಕಗಳನ್ನೇ ಬದಿಗಿಡೋಣ ಎಂದ. ಯುದ್ಧ ಕಂಡ ಅನುಭವಿಯ ವಿವೇಚನೆ ಸಾಕು ಎಂಬುದು ಅವನ ವಾದ. ಇದೇ ಹಾದಿಯಲ್ಲಿ 1880ರಲ್ಲಿ ಅಮೆರಿಕದ ಸೇನಾಧಿಕಾರಿ ಚಾರ್ಲ್ಸ್ ಟಾಟನ್ ‘ಸ್ಟ್ರಾಟೆಗೋಸ್’ ಎಂಬ ಪುಸ್ತಕ ಬರೆದ. ಆಡುವವನು ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಆಗುತ್ತದೋ ಇಲ್ಲವೋ ತೀರ್ಪುಗಾರ ಹೇಳುತ್ತಾನೆ ಎಂಬುದು ಅದರ ತಿರುಳು.

ಆ ಪುಸ್ತಕ ಎಂಟು ದಶಕ ದಾಟಿ ಮಿನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಡೇವ್ ವೆಸ್ಲಿ ಎಂಬ ಯುವಕನ ಕೈಗೆ ಸಿಕ್ಕಿತು. ಅವನ ಗೆಳೆಯರ ಗುಂಪು ತಗಡಿನ ಸೈನಿಕರನ್ನಿಟ್ಟು ನೆಪೋಲಿಯನ್ ಕಾಲದ ಯುದ್ಧ ಆಡುತ್ತಿತ್ತು. 1969ರಲ್ಲಿ ವೆಸ್ಲಿ ಹೊಸದೊಂದು ಮಾಡಿದ. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಊರು. ಸೈನ್ಯ ಅದರ ಹೊರಗೆ ಬಂದು ನಿಂತಿದೆ. ಪಡೆಗಳನ್ನಷ್ಟೇ ಹಂಚುವ ಬದಲು ಅವನು ಊರಿನ ಮೇಯರ್, ಬ್ಯಾಂಕಿನವ, ವಿಶ್ವವಿದ್ಯಾಲಯದ ಮುಖ್ಯಸ್ಥ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟ. ಯುದ್ಧ ಶುರುವಾಗುವ ಮೊದಲೇ ಎಲ್ಲರೂ ಎದ್ದು ಮನೆಯ ಮೂಲೆ ಮೂಲೆಯಲ್ಲಿ ಗುಟ್ಟು ಮಾತಾಡತೊಡಗಿದರು. ಇಬ್ಬರು ಬಂದು, ನಾವು ದ್ವಂದ್ವಯುದ್ಧ ಮಾಡುತ್ತೇವೆ ಎಂದರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ನಿಂತಲ್ಲೇ ನಿಯಮ ಕಟ್ಟಿದ. ರಾತ್ರಿ ಮುಗಿದಾಗ ಆಟ ಕೆಟ್ಟುಹೋಯಿತು ಎಂದೇ ಅವನು ನಂಬಿದ್ದ. ಗೆಳೆಯರು ಮಾತ್ರ ಇನ್ನೊಂದು ಯಾವಾಗ ಎಂದು ಬೆನ್ನು ಬಿದ್ದರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ರಾತ್ರಿ ಅದು. ಒಣಮೀನಿನ ರಾತ್ರಿಯ ಅಜ್ಜ ಅಲ್ಲಿದ್ದಾನೆ.

ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ 1971ರ ಹೊತ್ತಿಗೆ ಅದೇ ಬಗೆಯ ಆಟವನ್ನು ಬ್ಲ್ಯಾಕ್‌ಮೂರ್ ಎಂಬ ಮಾಯಾಲೋಕಕ್ಕೂ ಅಲ್ಲಿನ ಕೋಟೆಯ ಕೆಳಗಿನ ನೆಲಮಾಳಿಗೆಗೂ ಒಯ್ದ. 1972ರ ಕೊನೆಯಲ್ಲಿ ಗೆಳೆಯನೊಬ್ಬನನ್ನು ಕರೆದುಕೊಂಡು ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ ಹೋಗಿ, ಗ್ಯಾರಿ ಗೈಗ್ಯಾಕ್ಸ್‌ನ ಮನೆಯಲ್ಲಿ ಅದನ್ನು ಆಡಿಸಿ ತೋರಿಸಿದ. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಹೋಗಿ ಮನೆಯಲ್ಲೇ ಬೂಟು ರಿಪೇರಿ ಮಾಡುತ್ತಿದ್ದ ಗೃಹಸ್ಥ, ಯುದ್ಧದಾಟದ ನಿಯಮಗಳನ್ನು ಬರೆದು ಹೆಸರಾದವನು. ಇಪ್ಪತ್ತು ಮುಖದ ದಾಳ ಕೈಗೆ ಬರುವ ಮೊದಲು ಅವನೂ ಕಾಫಿ ಡಬ್ಬಿಯಲ್ಲಿ ಅಂಕಿ ಬರೆದ ಬಿಲ್ಲೆ ಹಾಕಿ ತೆಗೆಯುತ್ತಿದ್ದ ಎಂದು ಓದಿದ ದಿನ, ನಮ್ಮ ತಂಬೋಲ ಚೊಂಬು ನೆನಪಾಗಿ ನನ್ನ ಕಣ್ಣು ತುಂಬಿತು. ಇಬ್ಬರೂ ಸೇರಿ ಬರೆದದ್ದು 1974ರಲ್ಲಿ ಹೊರಬಂತು: ಮರದ ಬಣ್ಣದ ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಪೆಟ್ಟಿಗೆಗಳನ್ನು ಮನೆಯಲ್ಲೇ ಕೈಯಾರೆ ಜೋಡಿಸಿದರು.

ಪುಸ್ತಕದಲ್ಲಿ ಕೋಷ್ಟಕಗಳಿದ್ದವು, ಅಂಕಿಗಳಿದ್ದವು. ಕೇಳುವ ಮನುಷ್ಯನನ್ನು ಮಾತ್ರ ಪೆಟ್ಟಿಗೆಗೆ ಹಾಕಲು ಬರುವುದಿಲ್ಲ. ಅವನನ್ನು ಕೊಂಡವರೇ ಹುಡುಕಿಕೊಳ್ಳಬೇಕಿತ್ತು. ಕಂಪ್ಯೂಟರಿನ ಕತೆ ತಿರುಗುವುದು ಈ ಜಾಗದಲ್ಲಿ. ಕೋಷ್ಟಕವನ್ನೂ ಅಂಕಿಯನ್ನೂ ಯಂತ್ರ ಕ್ಷಣದಲ್ಲಿ ನುಂಗಿತು.

ಪುಸ್ತಕ ಬಂದ ಮರುವರ್ಷ, 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೋ’ ಎಂಬ ಬೋಧನಾ ಕಂಪ್ಯೂಟರ್ ಜಾಲದಲ್ಲಿ ‘ಪಿಎಡಿಟ್5’ ಎಂಬ ಆಟ ಹುಟ್ಟಿತು. ಆಟದ ಕಡತಕ್ಕೆ ಪಾಠದ ಕಡತಗಳ ಸಾಲಿನಲ್ಲೇ ಜಾಗ ಮಾಡಿಕೊಂಡಿದ್ದರು. ಮೇಲಿನವರು ಅಳಿಸಿದರು, ಹುಡುಗರು ಇನ್ನೊಂದು ಬರೆದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ‘ಕೊಲೋಸಲ್ ಕೇವ್’ ಬರೆಯುತ್ತಿದ್ದ. ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದವನು ಅವನು. ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ಹೆಂಡತಿಯೊಡನೆ ತೆವಳಿ ಸರ್ವೆ ಮಾಡಿದವನೂ ಹೌದು. ಮದುವೆ ಮುರಿದ ಮೇಲೆ, ಹೆಣ್ಣುಮಕ್ಕಳು ತನ್ನಲ್ಲಿಗೆ ಬಂದಾಗ ಆಡಲಿ ಎಂದು ಆ ಆಟ ಬರೆದ. ನಾನು ಸಿವಿಲ್ ಇಂಜಿನಿಯರ್, ಸರ್ವೆ ನನ್ನ ಹೊಟ್ಟೆಪಾಡು. ಅಳೆದು ಬರೆದ ನಕಾಶೆಯನ್ನು ಒಬ್ಬ ತಂದೆ ಮಕ್ಕಳಿಗಾಗಿ ಆಟವಾಗಿ ಬಿಡಿಸಿಟ್ಟದ್ದು ನನಗೆ ದೊಡ್ಡ ವಾತ್ಸಲ್ಯದ ಕೆಲಸವಾಗಿ ಕಾಣುತ್ತದೆ. ಅಲ್ಲಿ ಕಂಪ್ಯೂಟರ್ ನೀನು ಎಲ್ಲಿದ್ದೀ, ಎದುರಿಗೆ ಏನಿದೆ ಎಂದು ಹೇಳಿ ನಿಲ್ಲುತ್ತದೆ. ಒಂದೆರಡು ಪದದ ಆಜ್ಞೆಯನ್ನು ನಾವು ಟೈಪಿಸಬೇಕು. ಪ್ರಶ್ನೆ ಇನ್ನೂ ಜೀವಂತವಾಗಿತ್ತು. ಆದರೆ ತನಗೆ ಗೊತ್ತಿರುವ ಪದ ಬಂದರೆ ಮಾತ್ರ ಯಂತ್ರ ಮುಂದುವರಿಯುತ್ತಿತ್ತು. ಒಣಮೀನು ಎಂದರೆ ಅರ್ಥವಾಗಲಿಲ್ಲ ಎನ್ನುತ್ತಿತ್ತು.

ಆ ಗುಹೆಯಲ್ಲಿ ಆಡುವವನು ಒಬ್ಬನೇ ಇದ್ದ. ಜೊತೆಗಾರರನ್ನು ಒಳಗೆ ತಂದವರು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. 1978ರಲ್ಲಿ ರಾಯ್ ಟ್ರಬ್‌ಶಾ ‘ಮಡ್’ ಎಂಬ ಆಟ ಶುರುಮಾಡಿದ. ಅವನು ಓದು ಮುಗಿಸಿ ಹೋದಾಗ ರಿಚರ್ಡ್ ಬಾರ್ಟಲ್ ಪೂರ್ಣಗೊಳಿಸಿದ. ಬೇರೆ ಬೇರೆ ಟರ್ಮಿನಲ್‌ಗಳಲ್ಲಿ ಕೂತವರು ಒಂದೇ ಕಾಡಿನಲ್ಲಿ, ಒಂದೇ ಹೊತ್ತಿಗೆ ಎದುರಾಗುತ್ತಿದ್ದರು. ಅತಿ ಮೇಲಿನ ಮೆಟ್ಟಿಲು ತಲುಪಿದವನು ಮಾಂತ್ರಿಕನಾಗುತ್ತಿದ್ದ. ಅವನಿಗೆ ಆ ಲೋಕವನ್ನೇ ಕದಲಿಸುವ ಅಧಿಕಾರ ಸಿಗುತ್ತಿತ್ತು. ಅಂದರೆ ಚೆನ್ನಾಗಿ ಆಡಿದವನು ಆಟ ನಡೆಸುವವನಾಗುತ್ತಿದ್ದ. ಯಂತ್ರದೊಳಗೂ ಕೇಳುವ ಮನುಷ್ಯನೊಬ್ಬ ಬೇಕು ಎಂಬ ಅರಿವು ಆ ಹುಡುಗರಿಗಿತ್ತು.

1983ರಲ್ಲಿ ಎಸೆಕ್ಸ್ ತನ್ನ ಕಂಪ್ಯೂಟರನ್ನು ಹೊರಗಿನವರಿಗೂ ತೆರೆಯಿತು, ರಾತ್ರಿ 2ರಿಂದ ಬೆಳಿಗ್ಗೆ 7ರವರೆಗೆ ಮಾತ್ರ. ಇದನ್ನು ಓದಿದಾಗ ನನಗೆ ನನ್ನದೇ ರಾತ್ರಿಗಳು ನೆನಪಾದವು. ಮೈಸೂರಿಗೆ ಕೆಲಸಕ್ಕೆ ಬಂದ ಮೇಲೆ ನಾನು ಹಾಕಿಸಿಕೊಂಡ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಕೆಗೆ ಲೆಕ್ಕವಿರಲಿಲ್ಲ. ಹತ್ತಕ್ಕೆ ಮಲಗಿ, ಎರಡಕ್ಕೆ ಕಾಲು ಗಂಟೆ ಮುಂಚೆ ಅಲಾರಂ ಇಟ್ಟು ಏಳುತ್ತಿದ್ದೆ. ಸರಸ್ವತಿಪುರಂನ ಬೀದಿಯಲ್ಲಿ ನಾಯಿ ಬೊಗಳುವುದು ಬಿಟ್ಟರೆ ಸದ್ದಿಲ್ಲ. ಹೆಡ್‌ಫೋನಿನಲ್ಲಿ ಮಾತ್ರ ಯುರೋಪಿನ ರಾತ್ರಿ ಒಂಬತ್ತೂವರೆ, ಊರೆಲ್ಲ ಎಚ್ಚರ. ನಾನು ಆಡುತ್ತಿದ್ದದ್ದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. ನಾನು ಬೀಸಿದ ಕತ್ತಿ ಅಲ್ಲಿಗೆ ತಲುಪಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕಿತ್ತು. ಆ ಲ್ಯಾಗನ್ನು ಲೆಕ್ಕ ಹಿಡಿದೇ ಕೈ ಆಡಿಸುವುದನ್ನು ಕಲಿತೆ.

ಮಡ್‌ನಿಂದ ಅಲ್ಲಿಗೆ ಬರುವ ಹಾದಿಯಲ್ಲಿ ಪ್ರಶ್ನೆ ಮೆಲ್ಲಮೆಲ್ಲಗೆ ಸಣ್ಣದಾಯಿತು. 1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಡಿಕುಮಡ್’ ಬಿಡುಗಡೆ ಮಾಡಿದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ವರ್ಗ, ಲೆವೆಲ್, ಹೊಡೆದಾಟದ ಲೆಕ್ಕ ಎಲ್ಲ ಅದರಲ್ಲಿ ಸಿದ್ಧವಾಗಿತ್ತು. ಇಳಿಸಿಕೊಂಡು ಚಾಲೂ ಮಾಡಿದರೆ ಸಾಕು, ನಿಮ್ಮದೇ ಒಂದು ಲೋಕ. ಹಾಗಾಗಿ ಅದು ಹಬ್ಬಿತು. 1999ರಲ್ಲಿ ಬಂದ ‘ಎವರ್‌ಕ್ವೆಸ್ಟ್’ ಅದನ್ನು ಎಷ್ಟು ಹೋಲುತ್ತಿತ್ತೆಂದರೆ, ಡಿಕುವಿನ ಕೋಡ್ ನಾವು ಬಳಸಿಲ್ಲ ಎಂದು ತಯಾರಕರು ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು. 2004ರ ವಾರ್‌ಕ್ರಾಫ್ಟ್ ಎವರ್‌ಕ್ವೆಸ್ಟ್ ಆಡಿ ಬೆಳೆದವರ ಕೂಸು. 2010ರಲ್ಲಿ ಅದಕ್ಕೆ ಚಂದಾ ಕಟ್ಟಿದವರು 1 ಕೋಟಿ 20 ಲಕ್ಷ ಜನ. ಅಷ್ಟು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ‘ಈಗ ಎಂತ ಮಾಡ್ತೀ’ ಎಂದು ಕೇಳಲು ಯಾರಿದ್ದಾರೆ? ಹೀಗಾಗಿ ಉತ್ತರಗಳನ್ನೇ ಮೊದಲು ಪಟ್ಟಿಮಾಡಿ ಪರದೆಯ ಕೆಳಗೆ ಗುಂಡಿಗಳಾಗಿ ಸಾಲಿಟ್ಟರು. ಒಂದನೇ ಗುಂಡಿ ಬೆಂಕಿ, ಎರಡನೇ ಗುಂಡಿ ಹಿಮ. ಪ್ರಶ್ನೆಯ ಜಾಗದಲ್ಲಿ ಉತ್ತರ ಪತ್ರಿಕೆ ಬಂತು.

ಈ ಲೋಕಗಳು ನನಗೆ ಕೊಟ್ಟದ್ದನ್ನು ಮಾತ್ರ ಮರೆಯಲಾರೆ. ಮೇಜಿನ ಆಟದಲ್ಲಿ ನಾವು ಎದ್ದರೆ ಕೋಟೆಯೂ ಎದ್ದುಹೋಗುತ್ತದೆ. ಪರದೆಯ ಲೋಕದಲ್ಲಿ ಹಾಗಲ್ಲ, ನಾನು ಸೈಟಿನಲ್ಲಿ ಥಿಯೋಡೊಲೈಟ್ ಹಿಡಿದು ಬಿಸಿಲಲ್ಲಿ ನಿಂತಾಗಲೂ ಆ ಊರಿನ ಬಾಗಿಲು ತೆರೆದಿರುತ್ತಿತ್ತು, ಯಾರೋ ಅಪರಿಚಿತರು ಆ ಸೇತುವೆ ದಾಟುತ್ತಿದ್ದರು. ನನಗೂ ಸ್ವೀಡನ್ನಿನ ಒಬ್ಬ ಬಸ್ ಡ್ರೈವರಿಗೂ ಒಂದೇ ಬೆಟ್ಟದ ಸೂರ್ಯಾಸ್ತ ನೆನಪಿದೆ. ಎವರ್‌ಕ್ವೆಸ್ಟ್‌ನ ಆರಂಭದ ದಿನಗಳಲ್ಲಿ ಮಂತ್ರಶಕ್ತಿ ಮರಳಿ ಬರಲು ಪಾತ್ರ ಕೂತು ಧ್ಯಾನ ಮಾಡಬೇಕಿತ್ತು, ಆಗ ಮಂತ್ರಪುಸ್ತಕ ಇಡೀ ಪರದೆಯನ್ನು ಮುಚ್ಚಿಬಿಡುತ್ತಿತ್ತು. ಮಾಡಲು ಬೇರೇನೂ ಇಲ್ಲದ ಆ ಹೊತ್ತಿನಲ್ಲಿ ಜನ ಮಾತಾಡಿದರು, ಗೆಳೆಯರಾದರು. ವಾರ್‌ಕ್ರಾಫ್ಟ್‌ನಲ್ಲೂ ಮೊದಲು ಜೊತೆಗಾರರು ಬೇಕಾದರೆ ಪೇಟೆಯಲ್ಲಿ ಕೂಗಿ ಕರೆಯಬೇಕಿತ್ತು. 2009ರ ಡಿಸೆಂಬರಿನಲ್ಲಿ ಗುಂಪನ್ನು ಯಂತ್ರವೇ ಜೋಡಿಸುವ ಸೌಲಭ್ಯ ಬಂತು. ಬೇರೆ ಬೇರೆ ಸರ್ವರುಗಳ ಐದು ಜನ ಬಂದಿಳಿದು, ಮಾತಿಲ್ಲದೆ ಕೊಂದು, ಮಾತಿಲ್ಲದೆ ಮಾಯವಾಗತೊಡಗಿದರು. ನಾನು ಏಳಲು ಅಲಾರಂ ಇಡುವುದನ್ನು ಬಿಟ್ಟದ್ದು ಆ ಚಳಿಗಾಲದಲ್ಲಿ.

ಕೇಳುವ ಮನುಷ್ಯನನ್ನು ಒಳಗೆ ಉಳಿಸಿಕೊಳ್ಳಲು ಹೆಣಗಿದವರೂ ಇದ್ದರು. 1997ರ ‘ಅಲ್ಟಿಮಾ ಆನ್‌ಲೈನ್’ ಹಿಂದೆ ಇದ್ದ ರಿಚರ್ಡ್ ಗ್ಯಾರಿಯಟ್ ಹೈಸ್ಕೂಲಿನಲ್ಲೇ ಮೇಜಿನ ಆಟದ ಹುಚ್ಚಿನಿಂದ ಪ್ರೋಗ್ರಾಂ ಬರೆದವನು. ಅದರಲ್ಲಿ ‘ಸೀಯರ್’ ಎಂಬ ಸ್ವಯಂಸೇವಕರು ಪಾತ್ರ ಧರಿಸಿ ಬಂದು ಕತೆ ನಡೆಸುತ್ತಿದ್ದರು. 1999ರ ‘ಆಶೆರಾನ್ಸ್ ಕಾಲ್’ನಲ್ಲಿ ತಿಂಗಳಿಗೊಮ್ಮೆ ಕತೆ ಮುಂದೆ ಹೋಗುತ್ತಿತ್ತು. ಒಂದು ರಾಕ್ಷಸನನ್ನು ಸೆರೆಯಲ್ಲಿಟ್ಟ ಸ್ಫಟಿಕಗಳನ್ನು ಆಟಗಾರರು ಒಡೆಯುತ್ತಾರೆ, ಅವನು ಹೊರಬರುತ್ತಾನೆ ಎಂಬುದು ಬರೆದಿಟ್ಟ ಕತೆ. ಥಿಸಲ್‌ಡೌನ್ ಎಂಬ ಸರ್ವರಿನವರು ಬೇರೆಯೇ ಉತ್ತರ ಕೊಟ್ಟರು. ಒಡೆಯಲು ಬಿಡುವುದಿಲ್ಲ ಎಂದು ಕೊನೆಯ ಸ್ಫಟಿಕಕ್ಕೆ ಕಾವಲು ನಿಂತರು, ಪಾಳಿ ಹಾಕಿಕೊಂಡು ಹಗಲೂ ರಾತ್ರಿ. ಕೊನೆಗೆ ಆಟ ಕಟ್ಟಿದವರೇ ವೈರಿಗಳಾಗಿ ಒಳಗೆ ಬಂದು ಅವರನ್ನು ಸೋಲಿಸಬೇಕಾಯಿತು. ಆ ಕಾವಲುಗಾರರ ಗೌರವಕ್ಕೆ ಆ ಸರ್ವರಿನಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಯಾರೂ ಕೇಳದ ಪ್ರಶ್ನೆಗೆ ಜನ ತಾವೇ ಉತ್ತರ ಕೊಟ್ಟ ಘಟನೆ ಅದು. 2002ರ ‘ನೆವರ್‌ವಿಂಟರ್ ನೈಟ್ಸ್’ನಲ್ಲಂತೂ ಆಟ ನಡೆಸುವವನಿಗೇ ಒಂದು ಆಸನ ಕೊಟ್ಟರು. ಅವನು ಮೇಲಿನಿಂದ ನೋಡುತ್ತ, ಆಟ ನಡೆಯುತ್ತಿರುವಾಗಲೇ ಪಾತ್ರಗಳ ಬಾಯಲ್ಲಿ ಮಾತಾಡಬಹುದಿತ್ತು.

2020ರ ಲಾಕ್‌ಡೌನಿನಲ್ಲಿ ನಮ್ಮ ಶನಿವಾರದ ಮೇಜು ನಿಂತಿತು. ಶಿರಸಿಯಲ್ಲಿರುವ ಅಕ್ಕನ ಮಗಳಿಗೆ ಆಗ ಹದಿಮೂರು. ಬೇಸಿಗೆ ರಜೆಗೆ ನನ್ನಲ್ಲಿಗೆ ಬಂದು ಆಟ ಕಲಿಯಬೇಕಿದ್ದವಳು ಮನೆಯಲ್ಲೇ ಉಳಿದಳು. ಇಬ್ಬರೂ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆನ್‌ಲೈನ್’ ಇಳಿಸಿಕೊಂಡೆವು. 2006ರಲ್ಲಿ ಬಂದ ಹಳೆಯ ಆಟ ಅದು. ನೆಲಮಾಳಿಗೆಗೆ ಇಳಿದಾಗ ಅದರಲ್ಲಿ ಒಂದು ಧ್ವನಿ, ಗಾಳಿ ಹೇಗಿದೆ, ವಾಸನೆ ಎಂಥದು ಎಂದು ಹೇಳುತ್ತದೆ. ಡೆಲೆರಾ ಎಂಬವಳ ಸಮಾಧಿಯ ಕತೆಯಲ್ಲಿ ಆ ಧ್ವನಿ ಸ್ವತಃ ಗ್ಯಾರಿ ಗೈಗ್ಯಾಕ್ಸ್‌ನದು. ಇನ್ನೊಂದು ಕತೆಗೆ ಡೇವ್ ಆರ್ನೆಸನ್ ಧ್ವನಿ ಕೊಟ್ಟಿದ್ದಾನೆ. ಗೈಗ್ಯಾಕ್ಸ್ 2008ರ ಮಾರ್ಚಿನಲ್ಲಿ ತೀರಿಕೊಂಡ, ಆರ್ನೆಸನ್ 2009ರ ಏಪ್ರಿಲಿನಲ್ಲಿ. ಡೆಲೆರಾಳ ಸ್ಮಶಾನದಲ್ಲಿ ಗೈಗ್ಯಾಕ್ಸ್‌ಗೆ ಒಂದು ಸ್ಮಾರಕವಿದೆ.

ಸಮಾಧಿಯೊಳಗೆ ಆ ಧ್ವನಿ ಕೇಳಿದಾಗ ನಾನು ಕೀಬೋರ್ಡಿನಿಂದ ಕೈ ತೆಗೆದೆ. ಲೇಕ್ ಜಿನೀವಾದ ಮನೆಯಿಂದ ನಮ್ಮ ಹಾಸ್ಟೆಲಿನ ಮಂಚದವರೆಗೆ ಆ ಆಟವನ್ನು ಕಳಿಸಿದವನು ನನ್ನ ಕಿವಿಯಲ್ಲೇ ಮಾತಾಡುತ್ತಿದ್ದ. ಕಂಡದ್ದನ್ನೆಲ್ಲ ವರ್ಣಿಸಿ ಅವನು ಸುಮ್ಮನಾದ. ನಾನು ಮುಂದಿನ ಮಾತಿಗಾಗಿ ಕಾದೆ. ಬರಲಿಲ್ಲ. ಧ್ವನಿಮುದ್ರಣಕ್ಕೆ ಹೇಳಲು ಬರುತ್ತದೆ, ಕಿವಿಯಿಲ್ಲ. ಇಷ್ಟು ವರ್ಷ ಪರದೆಯ ಮುಂದೆ ನನಗೆ ಕೊರತೆಯಾಗಿ ಕಂಡದ್ದು ಏನೆಂದು ಆಗ ತಿಳಿಯಿತು. ಆ ಮಾತನ್ನು ಯಂತ್ರದಿಂದ ಬಯಸಿದ್ದು ನನ್ನ ತಪ್ಪು. 1969ರ ಆ ರಾತ್ರಿಯಿಂದ ಇಲ್ಲಿಯವರೆಗೆ ಅದನ್ನು ಹೊತ್ತು ತಂದದ್ದು ಮನುಷ್ಯರ ಬಾಯಿ. ಹಾಸ್ಟೆಲಿನ ಸೀನಿಯರ್ ನನಗೆ ದಾಟಿಸಿದ್ದ. ನಾನು ಯಾರಿಗೂ ದಾಟಿಸದೆ ಕಾಯುತ್ತಿದ್ದೆ.

ಮರುದಿನ ಅಕ್ಕನ ಮಗಳನ್ನು ಸ್ಮಾರಕದ ಮುಂದೆ ಕರೆದುಕೊಂಡು ಹೋದೆ. ಅವಳ ಪುಟ್ಟ ಬಿಲ್ಲುಗಾತಿ ಕಲ್ಲಿನ ಎದುರು ನಿಂತಳು. ನಾನು ಆಟದ ಸದ್ದನ್ನು ಪೂರ್ತಿ ಇಳಿಸಿ, ಮೈಕಿನಲ್ಲಿ ಹೇಳಿದೆ: “ಸುತ್ತ ಕತ್ತಲೆ. ಮಳೆ ನಿಂತಿದೆ, ಎಲೆಯಿಂದ ಹನಿ ಬೀಳ್ತಾ ಇದೆ. ಈ ಕಲ್ಲಿನ ಕೆಳಗಿರುವವರ ಮಾತು ನಿನ್ನೆ ನೀನು ಕೇಳಿದ್ದೀ. ಈಗ ಎಂತ ಮಾಡ್ತೀ?”

ಅವಳು ಯಾವ ಗುಂಡಿ ಒತ್ತಬೇಕು ಎಂದು ಕೇಳಿದಳು. ಗುಂಡಿ ಯಾವುದೂ ಇಲ್ಲ ಎಂದೆ. ಶಿರಸಿಯ ಮಳೆಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳೆಂದಳು: “ಮಾವ, ನಾನೊಂದು ದೀಪ ಹಚ್ಚಿಡ್ತೇನೆ.”

ಪರದೆಯಲ್ಲಿ ಏನೂ ಬದಲಾಗಲಿಲ್ಲ. ನಾನು ಕೇಳಿದೆ: “ಎಣ್ಣೆ ಎಲ್ಲಿಂದ ತರ್ತೀ?”